ನಲವತ್ತೆರಡನೆಯ ಎದೆ

ಧಾರವಾಡ,
೨೨ ಜನವರಿ ೧೯೬೪, ಬುಧವಾರ

ಪ್ರೀತಿಯ ಸುಲಭಕ್ಕಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹೇಳಿದಂತೆ ಮಲಗಿಯೇ ಇರುತ್ತೀಯೋ, ಅಥವಾ ಅತ್ತೆಯವರು ಗುಡಿಗೆ ಹೊರಟ ಕೂಡಲೇ ಎದ್ದು ಅಕ್ಕಿ ಆರಿಸಲು ಕೂಡುತ್ತೀಯೋ? ಏಳನೇ ತಿಂಗಳು, ನೆನಪಿರಲಿ. ತ್ರ್ಯಂಬಕ ಭಾವನವರು ಸಂಜೆ ಲಗೂ ಮನೆಗೆ ಬರುತ್ತಾರಲ್ಲ? ಮತ್ತೆ, ನಿನ್ನ ಕೆಮ್ಮು ಹೇಗಿದೆ? ಹೋದ ಎರಡು ಪತ್ರಗಳಲ್ಲೂ ಇದನ್ನು ಕೇಳಿದ್ದೆ. ನೀನು ಕುಸುರೆಳ್ಳಿನ ಬಗ್ಗೆ ಬರೆದೆ, ಗದಗಿನ ಧೂಳಿನ ಬಗ್ಗೆ ಬರೆದೆ, ಹೊಸ ಎಮ್ಮೆ ಒದೆಯುತ್ತದೆ ಎಂದೂ ಬರೆದೆ. ಇದಕ್ಕೆ ಮಾತ್ರ ಉತ್ತರ ಬರಲಿಲ್ಲ.

ನಿನ್ನ ಮಗಳು ಆರಾಮ ಇದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ನೀನು ಉಸಿರು ಹಿಡಿದು ಓದುವುದು ಬೇಡ. ವಚ್ಚಿಗೆ ಏನೂ ಆಗಿಲ್ಲ. ನಿನ್ನೆ ಅವಳನ್ನೂ ಡಾಕ್ಟರಿಗೆ ತೋರಿಸಿದ್ದೇವೆ. ಯಾಕೆ ತೋರಿಸಿದೆವು ಎಂಬುದನ್ನು ಹೇಳಲು ನಾನು ಸ್ವಲ್ಪ ಹಿಂದಿನಿಂದ ಬರಬೇಕು. ನನಗೆ ನೇರವಾಗಿ ಹೇಳಲು ಬರುವುದಿಲ್ಲ, ನಿನಗೆ ಗೊತ್ತೇ ಇದೆ.

ಸಾಲೆಯಲ್ಲಿ ಹೊಸ ಕೆಲಸವೊಂದು ನನ್ನ ಕೊರಳಿಗೆ ಬಿದ್ದಿದೆ ಎಂದು ಹಿಂದೆ ಬರೆದಿದ್ದೆನಲ್ಲ. ಕೊನೆಯ ವರ್ಗದ ಹುಡುಗಿಯರು ಮುಂದೆ ಯಾವ ಉದ್ಯೋಗ ಹಿಡಿಯಬಹುದೆಂದು ತಿಳಿಯಲು ಒಬ್ಬೊಬ್ಬರೂ ಆರು ದಿನ ಒಂದೊಂದು ಕೆಲಸದ ಜಾಗಕ್ಕೆ ಹೋಗಿ ನೋಡಿ ಬರಬೇಕು. ಮಾಡುವುದೇನೂ ಇಲ್ಲ, ನೋಡುವುದಷ್ಟೇ. ಜಾಗ ಹುಡುಕಿಕೊಡಲು ಒಬ್ಬ ಶಿಕ್ಷಕಿ ಬೇಕು. ನಮ್ಮ ಮುಖ್ಯ ಶಿಕ್ಷಕಿ ದೊಡ್ಡ ಬಾಯಾರು ಸಭೆಯಲ್ಲಿ ಎಲ್ಲರ ಮುಖ ನೋಡಿ ಕೊನೆಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ಬೇಡ ಎನ್ನುವುದು ನನಗೆ ಎಂದು ಬಂದಿದೆ? ಡಿಸೆಂಬರ ತಿಂಗಳಿಡೀ ಛಾಪಖಾನೆ, ಬ್ಯಾಂಕು, ತಾರ ಕಚೇರಿ ಎಂದು ಅಲೆದೆ. ಪ್ರತಿ ಬಾಗಿಲ ಮುಂದೆ ನಿಂತು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಒಳಗೆ ಹೋಗುತ್ತಿದ್ದೆ. ತಾರ ಕಚೇರಿಯ ಬಾಗಿಲಲ್ಲಿ ಹಾಗೆ ನಿಂತಿದ್ದಾಗ ಅಲ್ಲಿಯ ಸಿಪಾಯಿ ಉಡಚಪ್ಪ ಹತ್ತಿರ ಬಂದು, ಬಹಳ ಮೆತ್ತಗೆ, “ಯಾರು ತೀರಿಕೊಂಡ್ರಿ, ತಂಗಿ?” ಎಂದು ಕೇಳಿದ. ಅಪ್ಪನಿಗೆ ಇದನ್ನು ಹೇಳಿದರೆ ಎರಡು ದಿನ ನಕ್ಕರು.

ಹುಡುಗಿಯರಿಗೆ ಒಂದೊಂದು ನೋಟಬುಕ್ಕು ಕೊಟ್ಟಿದ್ದೆ. ನಿಯಮವನ್ನು ನಾನೇ ಮಾಡಿದ್ದು: ವಾರ ಬರೆಯಬೇಕು, ವೇಳೆ ಬರೆಯಬೇಕು, ಕಂಡದ್ದನ್ನು ಬರೆಯಬೇಕು. ಅನಿಸಿದ್ದು ಬೇಡ, ಹೊಗಳಿಕೆ ಬೇಡ. ಆದರೂ ಛಾಪಖಾನೆಗೆ ಹೋದವಳು ಮಾಲಕರು ಭಾಳ ದೊಡ್ಡ ಮನಸ್ಸಿನವರು, ದಿನಾ ಎರಡು ಬಿಸ್ಕೀಟು ಕೊಟ್ಟರು ಎಂದು ನಾಲ್ಕು ಪುಟ ತುಂಬಿಸಿದ್ದಾಳೆ. ಹಾಗೆ ಬರೆಯದವಳು ಒಬ್ಬಳೇ, ಗುಡ್ಡವ್ವ. ಹೆಬ್ಬಳ್ಳಿಯ ಯಮನಪ್ಪ ಎಂಬವರ ಮಗಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ವರ್ಗದಲ್ಲಿ ಕೊನೆಯ ಬೆಂಚು, ಕೇಳಿದ್ದಕ್ಕಷ್ಟೇ ಉತ್ತರ. ಯಜ್ಞೇಶ್ವರ ಡಾಕ್ಟರರ ದವಾಖಾನೆಯ ಎಕ್ಸ್-ರೇ ಕೋಣೆ ಯಾರಿಗೂ ಬೇಡವಾಗಿತ್ತು, ಕತ್ತಲೆಯಲ್ಲಿ ಕೂಡಬೇಕೆಂದು. ಗುಡ್ಡವ್ವ ಎದ್ದು ನಿಂತು, “ನಾ ಹೋಗ್ತೇನ್ರಿ ಬಾಯಾರ, ಕತ್ತಲಾಗ ಕುಂದ್ರಾಕ ನನಗೇನೂ ಅಂಜಿಕಿಲ್ಲ” ಎಂದಳು.

ಅಲ್ಲಿ ಯಂತ್ರ ನಡೆಸುವವರು ಗೌಸಮೊದ್ದೀನ ಎಂಬವರು, ಐವತ್ತರ ಆಸುಪಾಸು, ಬಹಳ ಮರ್ಯಾದೆಯ ಮನುಷ್ಯ. ಕೊನೆಯ ದಿನ, ಹನ್ನೊಂದನೇ ತಾರೀಖು ಶನಿವಾರ, ಸಹಿ ಪಡೆಯಲು ನಾನು ಹೋದೆ. ಡಾಕ್ಟರು ಊರಲ್ಲಿರಲಿಲ್ಲ. ಕತ್ತಲೆಗೆ ಕಣ್ಣು ಹೊಂದಲೆಂದು ಗುಡ್ಡವ್ವ ಕೆಂಪು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು, ನಗು ಬಂತು. ಗೌಸಮೊದ್ದೀನರಿಗೆ ಅವಳ ಮೇಲೆ ಎಷ್ಟು ಅಭಿಮಾನವೆಂದರೆ, “ನಿಮ್ಮ ಹುಡುಗಿ ಎಲುವು ಎಣಿಸೂದು ಕಲತಾಳ್ರಿ ಬಾಯಾರ. ಪರದೆ ಹಿಂದ ಒಂದೀಟು ನಿಲ್ಲರಿ, ಹೇಳಿ ತೋರಸ್ತಾಳ” ಎಂದರು. ನನಗೆ ಸಂಕೋಚ. ಒಲ್ಲೆ ಎನ್ನಲೂ ಸಂಕೋಚ. ನಿಂತೆ. ತಣ್ಣನೆಯ ಹಲಗೆ ಎದೆಗೆ ತಾಗಿತು, ದೀಪ ಆರಿತು, ಯಂತ್ರ ಗುಂಯ್ ಎಂದಿತು. ಗುಡ್ಡವ್ವ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದವಳು ನಡುವೆ ನಿಂತಳು. ಆಮೇಲೆ ದೀಪ ಹತ್ತಿತು, ಗೌಸಮೊದ್ದೀನರು ಚಹಾ ತರಿಸಿದರು, ನಾನು ಕುಡಿದು ಬಂದೆ. ಎಂಥ ಒಳ್ಳೆಯ ಜನ ಅಂದುಕೊಂಡೆ, ಅಕ್ಕಾ.

ಮರುವಾರ ಅವರು ಎರಡು ಸಲ ಸಾಲೆಗೆ ಹೇಳಿ ಕಳಿಸಿದರು, ಬಾಯಾರು ಒಮ್ಮೆ ಬಂದು ಹೋಗಬೇಕು ಎಂದು. ಆಭಾರದ ಪತ್ರ ಕೇಳುತ್ತಾರೇನೋ, ದೊಡ್ಡ ಬಾಯಾರ ಸಹಿ ಇಲ್ಲದೆ ಹೇಗೆ ಕೊಡಲಿ ಎಂದು ನಾನು ಹೋಗಲೇ ಇಲ್ಲ. ಎಲ್ಲರ ನೋಟಬುಕ್ಕು ಬಂದರೂ ಗುಡ್ಡವ್ವನದು ಬರಲಿಲ್ಲ. ಮೊನ್ನೆ ಸೋಮವಾರ ಮಧ್ಯಾಹ್ನದ ಸೂಟಿಯಲ್ಲಿ ಬಂದು, ಪುಟ ತೆರೆದು ನನ್ನ ಮುಂದಿಟ್ಟು, ಹೋಗದೆ ಅಲ್ಲೇ ನಿಂತಳು. ಅವಳು ಬರೆದದ್ದು ನನಗೆ ಬಾಯಿಪಾಠವಾಗಿದೆ.

“ಶನಿವಾರ, ಹನ್ನೊಂದೂವರೆ. ನಲವತ್ತೆರಡನೆಯ ಎದೆ ನಮ್ಮ ಬಾಯಾರದು. ಬಲಗಡೆ ಮೇಲಿನಿಂದ ಕೆಳಗಿನವರೆಗೆ ಬೆಳಕು ಇತ್ತು. ಎಡಗಡೆ ಕೊರಳ ಎಲುಬಿನ ಕೆಳಗೆ ಬೆಳಕು ಇರಲಿಲ್ಲ. ಅಲ್ಲಿ ರೂಪಾಯಿಯಷ್ಟು ಅಗಲ ಕಪ್ಪು ಇತ್ತು. ಉಸಿರು ತೆಗೆದುಕೊಂಡಾಗಲೂ ಅದು ಹೋಗಲಿಲ್ಲ. ಇಂಥದ್ದನ್ನು ಈ ವಾರ ಒಂಬತ್ತನೆಯ ಎದೆಯಲ್ಲಿ ಮತ್ತು ಇಪ್ಪತ್ತಾರನೆಯ ಎದೆಯಲ್ಲಿ ನೋಡಿದ್ದೇನೆ. ಬೆಳಕು ಇದ್ದವರಿಗೆ ಗೌಸಮೊದ್ದೀನ ಅವರು ‘ಛಲೋ ಅದ, ಹೋಗ್ರಿ’ ಅನ್ನುತ್ತಾರೆ. ಬಾಯಾರಿಗೆ ಅನ್ನಲಿಲ್ಲ. ಚಹಾ ತರಿಸಿದರು.”

ಗುಡ್ಡವ್ವನೇ ಮಾತಾಡಿದಳು. “ಈ ಹಾಳಿ ಹರದು ಒಗದು ಕೊಡಬೇಕಂತ ಮಾಡಿದ್ದೆ, ಬಾಯಾರ. ಆದರ ಹಂಗ ಮಾಡಿದ್ರ ಹಿಂದಿನ ನಲವತ್ತೊಂದೂ ಖೊಟ್ಟಿ ಆಗ್ತಿದ್ದುವು.” ಹುಡುಗಿ ಅಳುತ್ತಿರಲಿಲ್ಲ. ಎರಡೂ ಕೈ ಲಂಗಕ್ಕೆ ಒತ್ತಿ ಹಿಡಿದಿದ್ದಳು.

ಅಂದಿನಿಂದ ನನ್ನ ಮೈಯೊಳಗೆ ಅಂಜಿಕೆ ಬಿಟ್ಟರೆ ಬೇರೇನೂ ಇಲ್ಲ. ಮಧ್ಯಾಹ್ನ ವರ್ಗದಲ್ಲಿ ಪಾಠ ಓದುತ್ತ ಒಂದು ಸಲ ಕೆಮ್ಮು ಬಂತು. ಮೊದಲ ಬೆಂಚಿನ ಹುಡುಗಿಯರ ಮುಖ ನೋಡಿ ಹಿಂದೆ ಸರಿದು ಕರಿಹಲಗೆಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಸಂಜೆ ಮೈ ಬೆಚ್ಚಗಾಗುವುದನ್ನು ಅಲೆದಾಟದ ದಣಿವು ಎಂದುಕೊಂಡಿದ್ದೆ. ಕುಪ್ಪಸ ಸಡಿಲಾದದ್ದನ್ನು ದರ್ಜಿಯ ತಪ್ಪು ಎಂದುಕೊಂಡಿದ್ದೆ. ಮನೆಗೆ ಬರುವ ದಾರಿಯಲ್ಲಿ ಎಣಿಸುತ್ತ ಬಂದೆ: ಮೂವತ್ತೆಂಟು ಹುಡುಗಿಯರು, ಅಪ್ಪ, ಎದುರು ಮನೆಯ ಕಾಕು, ಮತ್ತೆ ವಚ್ಚಿ. ದೀಪಾವಳಿಗೆ ನೀನು ಬಿಟ್ಟು ಹೋದಂದಿನಿಂದ, ಮೂರು ತಿಂಗಳು, ವಚ್ಚಿ ನನ್ನ ತೋಳಿನ ಮೇಲೆಯೇ ಮಲಗುತ್ತಾಳೆ. ಅವಳ ಉಸಿರು ನನ್ನ ಕೊರಳಿಗೆ ಬಡಿಯುತ್ತಿರುತ್ತದೆ. ನನ್ನದು ಅವಳ ಮುಖಕ್ಕೆ.

ಮನೆಗೆ ಬಂದವಳು ಹೊರಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ವಚ್ಚಿ ಬಂದು ಬಾಗಿಲು ಬಡಿದಳು. “ಮಂದಾ ಮೌಶಿ, ನಾ ಏನೂ ಮಾಡಿಲ್ಲ, ತಗಿ” ಎಂದು ಅತ್ತಳು. ಬಾಗಿಲು ತೆರೆದು, ಹೊಸ್ತಿಲ ಈಚೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳೊಡನೆ ಮಾತಾಡಿದೆ. ಆಗ ಹೊಳೆಯಿತು ಅಕ್ಕಾ, ಅದೇ ಹೊಸ್ತಿಲು. ಅವ್ವ ಕೂಡುತ್ತಿದ್ದದ್ದು ಅಲ್ಲೇ. ನನಗೆ ಆಗ ಆರು ವರ್ಷ, ನಿನಗೆ ಹನ್ನೆರಡು. ಅವ್ವನ ತಾಟು, ತಂಬಿಗೆ ಎಲ್ಲ ಬೇರೆ, ಹಿತ್ತಲ ಕಟ್ಟೆಯ ಮೇಲೆ. ಅಪ್ಪ ಇಲ್ಲದಾಗ ನೀನು ಹೊಸ್ತಿಲು ದಾಟಿ ಹೋಗಿ ಅವ್ವನ ತಲೆ ಹಿಕ್ಕುತ್ತಿದ್ದೆ. ನಾನು ತುಳಸಿಕಟ್ಟೆಯ ಹತ್ತಿರ ಕೂತು ನೋಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನಾನೇಕೆ ಒಳಗೆ ಹೋಗಲಿಲ್ಲ ಎಂದು ಎಷ್ಟೋ ವರ್ಷ ಬೇಸರಪಟ್ಟಿದ್ದೇನೆ.

ಅಪ್ಪನಿಗೆ ನೋಟಬುಕ್ಕನ್ನೇ ತೋರಿಸಿದೆ, ಬಾಯಿಂದ ಹೇಳಲಾಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, “ಅಕ್ಷರ ಛಲೋ ಅವ” ಎಂದರು. ಊಟದ ಹೊತ್ತಿಗೆ ನಾನು ನನ್ನ ತಾಟನ್ನು ಬಾಗಿಲ ಹತ್ತಿರ ಬೇರೆ ಇಟ್ಟುಕೊಂಡೆ. ಅಪ್ಪ ಎದ್ದು ಬಂದು ಅದನ್ನು ಎತ್ತಿ ತಮ್ಮ ಮಗ್ಗುಲಿಗೆ ಇಟ್ಟುಕೊಂಡರು. ಎರಡನೇ ಸಲ ಇಟ್ಟಾಗ ಎರಡನೇ ಸಲವೂ ಎತ್ತಿಟ್ಟರು.

ನಿನ್ನೆ ಮೂವರೂ ದವಾಖಾನೆಗೆ ಹೋದೆವು. ಗೌಸಮೊದ್ದೀನರು ನನ್ನನ್ನು ನೋಡಿದವರೇ, “ಹೇಳಾಕ ನನಗ ಹಕ್ಕಿಲ್ಲ ಬಾಯಾರ, ಡಾಕ್ಟರು ಹೇಳಬೇಕು. ಸುಮ್ಮನಿರಾಕೂ ಆಗಲಿಲ್ಲ” ಎಂದು ಕೈ ಮುಗಿದರು. ಮೊದಲು ವಚ್ಚಿಯನ್ನೇ ನಿಲ್ಲಿಸಿದರು. ಕತ್ತಲೆಗೆ ಹೆದರಿ ಕಿರುಚಿದಳು. ಅಪ್ಪ ಅವಳ ಭುಜ ಹಿಡಿದಿದ್ದರು, ನಾನು ಹೊರಗೆ ಬಾಗಿಲ ಪರದೆಯ ಈಚೆ ಕಂಬ ಹಿಡಿದು ನಿಂತಿದ್ದೆ. ಯಂತ್ರದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಚಹಾ ತರಲು ಹೇಳುತ್ತಾರೇನೋ ಎಂದು ಕಾದೆ. ಅಕ್ಕಾ, ಅಷ್ಟು ದೀರ್ಘವಾದ ಹೊತ್ತನ್ನು ನಾನು ಕಂಡಿಲ್ಲ. ಒಳಗಿನಿಂದ ದನಿ ಬಂತು, “ಛಲೋ ಅದ, ಹೋಗ್ರಿ.” ಅಪ್ಪನಿಗೂ ಅದೇ ಮಾತು ಬಂತು. ನನ್ನದನ್ನು ಫೋಟೋ ತೆಗೆದರು.

ಡಾಕ್ಟರು ಫೋಟೋವನ್ನು ಕಿಡಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಜಡ್ಡು ಅದೇ, ಅವ್ವನದು, ಕ್ಷಯ. ಆದರೆ ಸಣ್ಣದು, ಲಗೂ ಸಿಕ್ಕಿದೆ, ಆ ಹುಡುಗಿಯ ಉಪಕಾರ ನೆನೆಯಿರಿ ಎಂದರು. ಈಗ ಔಷಧ ಬಂದಿದೆ, ಅವ್ವನ ಕಾಲದಂತಲ್ಲ, ತೊಂಬತ್ತು ಸೂಜಿ ಮತ್ತು ವರ್ಷಕ್ಕೂ ಮೇಲ್ಪಟ್ಟು ಗುಳಿಗೆ. ಇಂದು ಮೊದಲನೆಯ ಸೂಜಿ ಆಯಿತು, ಈ ಪತ್ರವನ್ನು ಒಂದು ಮಗ್ಗುಲಿಗೆ ಕೂತು ಬರೆಯುತ್ತಿದ್ದೇನೆ. ಸಾಲೆಗೆ ರಜೆ ಬರೆದುಕೊಟ್ಟೆ. ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಹುಡುಗಿಯರನ್ನೆಲ್ಲ ಪರೀಕ್ಷಿಸಬೇಕೆಂದು ದೊಡ್ಡ ಬಾಯಾರಿಗೆ ನಾನೇ ಹೇಳಿದೆ. ಅಷ್ಟು ಹೇಳುವುದರೊಳಗೆ ಬೆವರು ಇಳಿಯಿತು. ಡಾಕ್ಟರು ಇನ್ನೊಂದು ಮಾತು ಕೇಳಿದರು, “ಮನಿಯೊಳಗ, ಬಂಧು ಬಳಗದಾಗ, ಯಾರಿಗರ ಭಾಳ ದಿನದ ಕೆಮ್ಮು ಅದ ಏನು?” ಅಪ್ಪ ಇಲ್ಲ ಎಂದರು. ನಾನು ಸುಮ್ಮನೆ ಇದ್ದೆ.

ವಚ್ಚಿ ಇನ್ನು ನನ್ನ ಹತ್ತಿರ ಇರಬಾರದು. ಬರುವ ಭಾನುವಾರ ಅಪ್ಪ ಅವಳನ್ನು ಕರೆದುಕೊಂಡು ಬೆಳಗಿನ ಗಾಡಿಗೆ ಗದಗಿಗೆ ಬರುತ್ತಾರೆ. ಅವಳ ಬಟ್ಟೆಯನ್ನೆಲ್ಲ ಕುದಿಸಿ ಒಗೆದು ಬಿಸಿಲಿಗೆ ಹಾಕಿದ್ದೇನೆ. ತಲೆ ಹಿಕ್ಕುವಾಗ ಎಡಗಡೆ ಬೈತಲೆ ತೆಗೆಯದಿದ್ದರೆ ಜಗಳ ಮಾಡುತ್ತಾಳೆ, ಅದೊಂದು ಹೊಸದು ಕಲಿತಿದ್ದಾಳೆ. ನೀನು ಹೆದರಬೇಡ, ಅಳಬೇಡ, ಹೊಟ್ಟೆಯಲ್ಲಿರುವ ಕೂಸಿಗೆ ಅದು ತಾಗುತ್ತದೆ. ಅತ್ತೆಯವರಿಗೆ ನನ್ನ ನಮಸ್ಕಾರ ಮುಟ್ಟಿಸು, ಭಾವನವರಿಗೆ ಎಲ್ಲವನ್ನೂ ಮುಚ್ಚಿಡದೆ ಹೇಳು. ಅಪ್ಪ ಪಕ್ಕದಲ್ಲೇ ಕೂತು, ನಿನಗೆ ತಮ್ಮ ಆಶೀರ್ವಾದ ಬರೆ ಎನ್ನುತ್ತಿದ್ದಾರೆ, ಬರೆದಿದ್ದೇನೆ.

ದೂರದಿಂದಲೇ ನಿನ್ನ ಕಾಲು ಒತ್ತುತ್ತ,
ನಿನ್ನ ತಂಗಿ
ಮಂದಾಕಿನಿ

ತಾ.ಕ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಟಪಾಲು ಹೊರಡುವ ಹೊತ್ತಾಯಿತು. ಗುಡ್ಡವ್ವನ ನೋಟಬುಕ್ಕಿಗೆ ಗುಣಾಂಕ ಹಾಕಲು ಕೂತಿದ್ದೆ, ಕೈ ಏಳಲಿಲ್ಲ. ದೀಪಾವಳಿಗೆ ನೀನು ಬಂದಾಗ ನಾನು ಕಂಡದ್ದನ್ನು, ನಾನೇ ಮಾಡಿದ ನಿಯಮದಂತೆ, ಬರೆಯುತ್ತೇನೆ. ಅಕ್ಟೋಬರ ೧೯, ಶನಿವಾರ, ಸಂಜೆ ಐದೂವರೆ. ಅಕ್ಕ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ಕೆಮ್ಮಿದಳು. ಬಾಯಿಗೆ ಹಿಡಿದಿದ್ದ ಸೆರಗಿನ ತುದಿಯನ್ನು ಬಿಡಿಸಿ ನೋಡಿದಳು. ಅತ್ತ ಇತ್ತ ನೋಡಿ, ತಂಬಿಗೆಯಿಂದ ನೀರು ಹಾಕಿ, ಅಷ್ಟನ್ನೇ ತೊಳೆದಳು. ಕಲ್ಲಿನ ಮೇಲೆ ನೀರು ಕೆಂಪಗೆ ಹರಿಯಿತು. ನಾನು ಅಡಿಗೆಮನೆಯ ಕಿಡಕಿಯಲ್ಲಿದ್ದೆ. ಒಳಗೆ ಹೋಗಿ ಹಾಲು ಕಾಯಿಸಿದೆ. ಅಪ್ಪನಿಗೆ ಈಗ ಹೇಳಿದ್ದೇನೆ. ಭಾನುವಾರ ಅಪ್ಪ ಒಬ್ಬರೇ ಬರುತ್ತಾರೆ, ವಚ್ಚಿ ಎದುರು ಮನೆಯ ಕಾಕುವಿನ ಹತ್ತಿರ ಇರುತ್ತಾಳೆ, ಅವಳನ್ನು ಕಳಿಸುವುದಿಲ್ಲ. ಬಸುರಿಗೆ ಮೊದಲು ಕಫದ ಪರೀಕ್ಷೆ, ಯಂತ್ರ ಆಮೇಲೆ, ಕೂಸಿಗೆ ತಾಗದ ಹಾಗೆ ಮಾಡುತ್ತಾರಂತೆ, ಈಗಷ್ಟೇ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದೆ. ನನ್ನ ಮೇಲೆ ಸಿಟ್ಟಾಗು. ಆದರೆ ಅಪ್ಪನ ಜೊತೆ ಬಾ.