ಕೆಡದ ಲಿಫ್ಟಿಗೆ ಹದಿನಾಲ್ಕು ದೂರು

ಜೂನ್ 3, ಸೋಮವಾರ

ಬೀಗ ತೆಗೆದದ್ದು, ಹಾಜರಿ ಪುಸ್ತಕ, ರಿಸೆಪ್ಷನ್ ಮೇಜು ಒರೆಸಿದ್ದು — ಎಲ್ಲ ಒಂಬತ್ತಕ್ಕೇ ಮುಗಿಯಿತು. ಹತ್ತೂವರೆಗೆ ಲಿಫ್ಟ್ ಕಂಪನಿಯ ದೂರಿನ ನಂಬರಿಗೆ ಫೋನ್. ಎತ್ತುವುದು ನಮ್ಮ ಕಟ್ಟಡದ ಲಿಫ್ಟ್ ನೋಡಿಕೊಳ್ಳುವ ಮೆಕ್ಯಾನಿಕ್ಕೇ. ಮೂರನೇ ಮಹಡಿಯಲ್ಲಿ ಬಾಗಿಲು ಕಿರ್ ಅನ್ನುತ್ತದೆ ಅಂದೆ. ಸುಳ್ಳು. ಬೆಣ್ಣೆಯ ಹಾಗೆ ಜಾರುತ್ತದೆ.

"ಬಾಗಿಲ ಹಳಿಯಲ್ಲಿ ಧೂಳಿರುತ್ತೆ, ಒರೆಸಿ. ಮತ್ತೆ?"

"ಮತ್ತೇನಿಲ್ಲ."

ಇಟ್ಟೇಬಿಟ್ಟ. ನಲವತ್ತು ಸೆಕೆಂಡ್! ಹೋದ ತಿಂಗಳು ಸರ್ವೀಸಿಗೆ ಬಂದಾಗ ಇದೇ ಮೇಜಿಗೆ ಒರಗಿ ಅರ್ಧ ಗಂಟೆ ಹರಟಿದ್ದು ಯಾರು, ಇವನ ಅಣ್ಣನಾ? ಹಳಿ ಒರೆಸಿದೆ. ಧೂಳಿರಲಿಲ್ಲ.

ಜೂನ್ 5

ಚೀಟಿ ಬರೆದಿಟ್ಟುಕೊಂಡೆ. ಸದ್ದು, ನಡುಕ, ವಾಸನೆ. ಫೋನ್ ಮಾಡಿ ಒಂದೊಂದನ್ನೇ ಹೇಳಿದೆ.

"ವಾಸನೆ ಎಂಥದು?"

ತಬ್ಬಿಬ್ಬಾದೆ. "ಸೆಂಟಿಂದು" ಅಂದುಬಿಟ್ಟೆ. ನಕ್ಕ. ನಗಲಿ... ನಕ್ಕ ಮೇಲೆ ಏನಾದರೂ ಕೇಳಬಾರದಾ? ಊಟ ಆಯ್ತಾ, ಅಷ್ಟಾದರೂ? ಎಲ್ಲದಕ್ಕೂ ನಾನೇ ಬಾಯಿ ಬಿಡಬೇಕು. ಮೈಯೆಲ್ಲ ಉರಿಯಿತು.

ಜೂನ್ 11

ಅತ್ತಿಗೆಗೆ ಸುಳಿವು ಸಿಕ್ಕಿದೆ.

"ಪಾಪದ ಲಿಫ್ಟನ್ನ ಬಿಟ್ಟುಬಿಡೇ. ಅವನ ಸ್ವಂತ ನಂಬರಿಗೆ ಮಾಡು."

"ಮಾಡಿ ಏನಂತ ಹೇಳ್ಲಿ?"

"ಸುಮ್ನೆ ಮಾಡ್ದೆ ಅನ್ನು."

ಹೇಳುವುದು ಸುಲಭ. ಮದುವೆಗೆ ಮುಂಚೆ ಅಣ್ಣ ಇವಳಿಗೆ ದಿನಕ್ಕೆ ಹತ್ತು ಸಲ ತಾನಾಗಿಯೇ ಮಾಡುತ್ತಿದ್ದ. ನಂಬರ್ ನನ್ನ ಹತ್ತಿರವೂ ಇದೆ. ಧೈರ್ಯ ಇಲ್ಲ.

ಜೂನ್ 24

ಹನ್ನೊಂದು ನಿಮಿಷ! ಹಗ್ಗ ಸಡಿಲವಾದರೆ ಬ್ರೇಕ್ ಹೇಗೆ ಕಚ್ಚುತ್ತದೆ ಅಂತ ವಿವರಿಸಿದ. ಹೂಂ ಹೂಂ ಅನ್ನುತ್ತ ಇಬ್ಬರು ವಿಸಿಟರ್‌ಗಳನ್ನು ತಪ್ಪು ಮಹಡಿಗೆ ಕಳಿಸಿದೆ. ಕೊನೆಗೆ ಅವನೇ, "ನಿಮಗೆ ರಜ ಯಾವತ್ತು?" ಅಂದ. ಅಷ್ಟರಲ್ಲೇ ಕೊರಿಯರ್‌ನವನು ಸಹಿ ಹಾಕಿ, ಸಹಿ ಹಾಕಿ ಅಂತ ಪ್ರಾಣ ತಿಂದ, ಉತ್ತರ ಹೇಳುವ ಮೊದಲೇ ಫೋನ್ ಇಡಬೇಕಾಯಿತು. ಅವನ ಮನೆ ಹಾಳಾಗ.

ಜುಲೈ 9

ದೂರಿನ ನಂಬರಿನಲ್ಲಿ ಹೊಸ ದನಿ. "ಇನ್ಮೇಲೆ ನಿಮ್ ಕಟ್ಟಡ ನಂದು, ಮೇಡಂ. ಅವನನ್ನ ಊರಾಚೆ ಕೆಲಸಕ್ಕೆ ಹಾಕಿದ್ರು. ಒಂದೇ ಲಿಫ್ಟು ಹದಿನಾಲ್ಕು ಸಲ ಕೆಟ್ರೆ ಯಾರು ಸುಮ್ನಿರ್ತಾರೆ?"

"ಕೆಟ್ಟಿರಲಿಲ್ಲ ಅಂತ ಅವ್ರು ಬರೀಬಹುದಿತ್ತಲ್ಲ?"

"ಸುಳ್ಳು ದೂರು ಅಂತ ಬರೆದ್ರೆ ನಿಮ್ ಮ್ಯಾನೇಜರಿಗೆ ಪತ್ರ ಹೋಗುತ್ತೆ. ಇವ್ನು ಹದಿನಾಲ್ಕಕ್ಕೂ 'ದೋಷ ನಿಜ, ಸರಿಪಡಿಸಿದೆ' ಅಂತ ಬರೆದಿದಾನೆ."

ಅಂದರೆ ಅವನಿಗೆ ಮೊದಲ ದಿನದಿಂದ ಗೊತ್ತು! ಗೊತ್ತಿದ್ದೂ ಹಳಿ ಒರೆಸಿ ಅಂದ. ನಾನು ಪೆದ್ದಿಯ ಹಾಗೆ ಮಂಡಿಯೂರಿ ಒರೆಸಿದೆ. ನನ್ನ ಕೆಲಸ ಕಾಪಾಡು ಅಂತ ಇವನ ಕಾಲು ಹಿಡಿದವರು ಯಾರು? "ಸಾಕು, ನನ್ನ ನಂಬರಿಗೆ ಮಾಡಿ" — ಇಷ್ಟು ಹೇಳಲು ಬಾಯಲ್ಲಿ ಏನು ತುರುಕಿಕೊಂಡಿದ್ದ? ಈಗ ಅವನು ಊರಾಚೆ. ಪಾಪ ನನ್ನ ತಲೆಗೆ. ಅಳು ಬಂತು. ಸಿಟ್ಟಿಗೇ.

ಜುಲೈ 10, ಮಧ್ಯಾಹ್ನ 1.20

ಮಾಡಿದೆ. ಸ್ವಂತ ನಂಬರಿಗೆ. ಹಲೋ ಅನ್ನಲೂ ಬಿಡದೆ ಬೈದೆ. ಚೀಟಿ ಬೇಕಾಗಲಿಲ್ಲ. ನನ್ನ ಉಸಿರು ಕಟ್ಟುವವರೆಗೂ ಕೇಳಿಸಿಕೊಂಡ.

"ಹೇಳಿದ್ರೆ ನೀವು ಫೋನ್ ಮಾಡೋದು ನಿಲ್ಲಿಸ್ತೀರಿ ಅಂತ ಹೇಳ್ಲಿಲ್ಲ" ಅಂದ.

ಬೈಗುಳ ಖಾಲಿ. ಫೋನ್ ಸ್ಪೀಕರಿಗೆ ಹಾಕಿ ಬರೆಯುತ್ತಾ ಕೂತಿದ್ದೇನೆ. ನಾಲ್ಕು ನಿಮಿಷವಾಯಿತು, ಇಬ್ಬರೂ ಇಡುತ್ತಿಲ್ಲ. ಆ ಕಡೆ ಯಾರೋ ಸುತ್ತಿಗೆ ಬಡಿಯುತ್ತಿದ್ದಾರೆ. "ಇದೀರಾ?" ಅಂದ. ಇದೀನಿ ಅಂದೆ. ಗಂಟಲು ಸರಿಮಾಡಿಕೊಂಡ. ಈಗ ಅವನೇ ಏನೋ ಕೇಳುತ್ತಿ—