ನೆಲದ ಮೇಲಿನ ಸ್ವಾಗತ

ನಮ್ಮ ಕೌನ್ಸಿಲ್ಲಿನ ಸಾರ್ವಜನಿಕ ಕಲಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ವತ್ಸಲಾಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಪಾರ್ಕಿನ ಕಾಲುದಾರಿಯಲ್ಲಿ ಹೂಳಿಸುವುದಾಗಿ ತಾವು ಬರೆದ ಪತ್ರ ತಲುಪಿದೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಈಗಾಗಲೇ ಎರಡು ಸಲ ಇಂಗ್ಲಿಷಿನಲ್ಲಿ ಚುಟುಕಾಗಿ ಬೇಡವೆಂದು ಬರೆದೆ. ದುಃಖದಲ್ಲಿರುವವರು ಹೀಗೆ ಹೇಳುವುದು ಸಹಜ, ಸಮಾಧಾನವಾಗಿ ಯೋಚಿಸಿ, ಆದರೆ ಶುಕ್ರವಾರದೊಳಗೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಕಳಿಸಿ ಎಂದು ಉತ್ತರ ಬಂತು. ಆದ್ದರಿಂದ ಈಗ ನಮ್ಮ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಮುಂದೆ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಮಗೆ ಕನ್ನಡ ಹೊಸದೇನಲ್ಲವಲ್ಲ? ಆಳೆತ್ತರದ ಕನ್ನಡ ಅಕ್ಷರ ಬಳಿಸಿ, ಅದರ ಮೇಲೆ ಬೂಟು ಹಾಕಿಕೊಂಡು ನಿಂತು ಫೋಟೋ ತೆಗೆಸಿಕೊಂಡವರು ತಾವು. ಓದಲು ಕಷ್ಟವಾದರೆ ಭಾಷಾಂತರ ಸೇವೆ ಉಚಿತವೆಂದು ತಮ್ಮ ಕಚೇರಿಯ ಬಾಗಿಲಲ್ಲೇ ಬರೆದಿದೆ.

ಎರಡು ವರ್ಷದ ಹಿಂದಿನ ಮಾತು. ಹೊರಗಿನಿಂದ ಬಂದವರಿಗೆ ಪಾರ್ಕು ತಮ್ಮ ಮನೆಯಂಗಳ ಅನ್ನಿಸಬೇಕು, ಅದಕ್ಕೆ ಕಲೆಯೇ ದಾರಿ ಎಂದು ತಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಲೈಬ್ರರಿಯಲ್ಲಿ ಸಭೆ ಕರೆದಳು. ಹನ್ನೆರಡು ಭಾಷೆಗಳಲ್ಲಿ ‘ಸ್ವಾಗತ’, ಅದೂ ಆಯಾ ಭಾಷೆಯವರ ಕೈಬರಹದಲ್ಲೇ ಬೇಕು ಎಂದಳು. ವತ್ಸಲಾ ಹತ್ತೊಂಬತ್ತು ವರ್ಷ ಇಲ್ಲಿ ಸಿಡ್ನಿಯ ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಬೇರೆ ಯಾರಿಗೆ ಹೇಳುವುದು? ಮೂರು ದಿನ ಡೈನಿಂಗ್ ಟೇಬಲ್ ಬಿಟ್ಟುಕೊಡದೆ, ಹದಿನಾರು ಹಾಳೆ ಕೆಡಿಸಿ, ಹದಿನೇಳನೆಯದರಲ್ಲಿ ತೃಪ್ತಿಪಟ್ಟಳು. ನಾನು ಅನ್ನದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆ.

ಮುಂದಿನ ಸಭೆಯಲ್ಲಿ ತಾವು ಅದನ್ನು ತೆರೆಯ ಮೇಲೆ ತೋರಿಸಿದಿರಿ. ಆಕಾಶದಿಂದ ನೋಡಿದಂಥ ಚಿತ್ರ. ತೆರೆಯ ಮೇಲೆ ನೆಲವೂ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಪಾರ್ಕಿನ ಶೌಚಾಲಯದ ಆ ಉದ್ದನೆಯ ಬೋಳು ಗೋಡೆಗೆ ಕೊನೆಗೂ ಒಂದು ಗತಿ ಬಂತು ಎಂದು ತಪ್ಪು ತಿಳಿದು ನಾವೆಲ್ಲ ಚಪ್ಪಾಳೆ ತಟ್ಟಿದೆವು. ಒಪ್ಪಿಗೆ ಪತ್ರಕ್ಕೆ ವತ್ಸಲಾಳ ಜೊತೆ ಸಹಿ ಹಾಕಿದವನು ನಾನು. ನಲವತ್ತು ವರ್ಷ ಸಿವಿಲ್ ಎಂಜಿನಿಯರಾಗಿ ನಕ್ಷೆ ಓದಿ ಅನ್ನ ತಿಂದವನು. ಇದು ನೆಲದ ಮೇಲಿನ ಕಲೆ ಎಂದು ಎರಡನೇ ಪುಟದಲ್ಲಿ ಸ್ಪಷ್ಟವಾಗಿಯೇ ಇತ್ತು. ಹೆಂಡತಿಯ ಅಕ್ಷರವನ್ನು ಊರೆಲ್ಲ ನೋಡುತ್ತದೆಂಬ ಸಂಭ್ರಮದಲ್ಲಿ ನಾನು ಎರಡನೇ ಪುಟ ತಿರುವಲಿಲ್ಲ.

ಉದ್ಘಾಟನೆಯ ದಿನ ಬಲೂನುಗಳ ನಡುವೆ ನಿಂತು ಅವಳು ನನ್ನ ತೋಳು ಹಿಡಿದುಕೊಂಡಳು.

“ರೀ, ಇದೇನ್ರೀ, ನೆಲಕ್ಕೆ ಹಾಕ್ಬಿಟ್ಟಿದಾರೆ! ಎಲ್ಲಾ ತುಳ್ಕೊಂಡು ಓಡಾಡ್ತಿದಾರಲ್ರೀ.”

“ಶ್, ಈಗ ಬೇಡ. ಪಾಪ, ಅಷ್ಟು ಪ್ರೀತಿಯಿಂದ ಮಾಡಿದಾರೆ. ಆಮೇಲೆ ಒಂದು ಮೇಲ್ ಹಾಕ್ತೀನಿ ಬಿಡು.”

ಅಷ್ಟರಲ್ಲಿ ತಾವೇ ಹತ್ತಿರ ಬಂದು, ಇಷ್ಟವಾಯಿತೇ ಎಂದು ಕೇಳಿದಿರಿ. “ವೆರಿ ನೈಸ್, ವೆರಿ ನೈಸ್” ಎಂದಳು. ಆಗ ಅವಳು ಹುಲ್ಲಿನ ಮೇಲೆ ನಿಂತಿದ್ದಳು, ದಾರಿಯ ಮೇಲಲ್ಲ. ನಾವು ಹಾಗೆಯೇ. ಇಪ್ಪತ್ತೆಂಟು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿ, ಪಕ್ಕದ ಮನೆಯವರ ಕಸದ ತೊಟ್ಟಿಯನ್ನೂ ಒಳಗೆಳೆದಿಟ್ಟು, ಯಾರ ಬಾಯಲ್ಲೂ ‘ತಕರಾರಿನ ಜನ’ ಅನ್ನಿಸಿಕೊಳ್ಳಬಾರದೆಂದು ತುಟಿ ಬಿಗಿಹಿಡಿದು ಬದುಕಿದವರು. ಆ ಮೇಲ್ ನಾನು ಹಾಕಲಿಲ್ಲ.

ಅಕ್ಷರ ತುಳಿದರೆ ಏನಾಗುತ್ತದೆ ಎಂದು ತಾವು ಕೇಳಬಹುದು. ಏನೂ ಆಗುವುದಿಲ್ಲ. ವತ್ಸಲಾ ಮಡಿ ಮೈಲಿಗೆಯವಳಲ್ಲ. ಮೊಮ್ಮಗಳ ಹುಟ್ಟುಹಬ್ಬಕ್ಕೆ ತಾನೇ ಮೊಟ್ಟೆ ಒಡೆದು ಕೇಕ್ ಮಾಡುತ್ತಿದ್ದವಳು. ಆದರೆ ಕಾಲಿಗೊಂದು ಹಳೇ ಪೇಪರ್ ಚೂರು ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು, ಅದು ಸೂಪರ್ ಮಾರ್ಕೆಟ್ಟಿನ ಜಾಹೀರಾತಾದರೂ ಸರಿ. ಅದು ನಂಬಿಕೆಯೂ ಅಲ್ಲ, ಕೈಯ ಅಭ್ಯಾಸ. ಹಾಗಾದರೆ ನಿಮ್ಮವರು ರಂಗೋಲಿಯನ್ನು ನೆಲಕ್ಕೇ ಹಾಕುತ್ತಾರಲ್ಲ ಎಂದು ತಮ್ಮ ಕಚೇರಿಯ ಜಾಣರು ಗೂಗಲ್ ಮಾಡಿ ತೋರಿಸಬಹುದು. ಹೌದು ಸ್ವಾಮಿ, ಹಾಕುತ್ತೇವೆ. ಹಾಕಿದ ಮೇಲೆ ಸುತ್ತು ಬಳಸಿಕೊಂಡೇ ಹೋಗುತ್ತೇವೆ. ಮರುದಿನ ಒರೆಸಿ ಹೊಸದು ಬಿಡಿಸುತ್ತೇವೆ. ಹತ್ತು ವರ್ಷ ಬಾಳಿಕೆಯ ರಸ್ತೆ ಬಣ್ಣದಲ್ಲಿ ದಾರಿಯ ಅಂಚಿನಿಂದ ಅಂಚಿನವರೆಗೆ ಬಳಿದು, ಇದನ್ನು ತುಳಿದುಕೊಂಡೇ ಒಳಗೆ ಬಾ ಎಂದು ಯಾರನ್ನೂ ಕರೆಯುವುದಿಲ್ಲ.

ಯೂಕಲಿಪ್ಟಸ್ ಮರದ ಕೆಳಗಿನ ಬೆಂಚು ಅವಳ ಬೆಳಗಿನ ಅಡ್ಡಾ. ಅವಳು, ಅವಳ ಗೆಳತಿ ಭಾಗೀರಥಿ, ಇನ್ನೊಂದಿಬ್ಬರು. ಅಲ್ಲಿಗೆ ಹೋಗಲು ಇದ್ದದ್ದು ಇದೊಂದೇ ದಾರಿ. ಕಲೆ ಬಂದ ಮೇಲೆ ಅವರೆಲ್ಲ ಹುಲ್ಲಿಗಿಳಿದರು. ಅವರಷ್ಟೇ ಅಲ್ಲ, ತಮ್ಮ ಲಿಪಿಯ ಮೇಲೆ ಕಾಲಿಡಲಾರದ ಸರ್ದಾರ್ಜಿ ಒಬ್ಬರು, ಅರಬ್ಬಿ ಅಜ್ಜಿ ಒಬ್ಬರು ಕೂಡ. ಎರಡೇ ತಿಂಗಳಲ್ಲಿ ಹುಲ್ಲು ಸವೆದು ಅಲ್ಲೊಂದು ಕಾಲುಹಾದಿ ಬಿತ್ತು. ಮೆಲ್ಬರ್ನಿನ ಸಮ್ಮೇಳನದಲ್ಲಿ ತಮ್ಮ ಕಲಾಕೃತಿಗೆ ಬಹುಮಾನ ಬಂತಲ್ಲ, ಆ ಡ್ರೋನ್ ಚಿತ್ರವನ್ನು ಇನ್ನೊಮ್ಮೆ ತೆಗೆದು ನೋಡಿ. ಅಕ್ಷರಗಳ ಪಕ್ಕದಲ್ಲೇ ಕಂದು ಬಣ್ಣದ ಗೆರೆಯೊಂದು ಉದ್ದಕ್ಕೂ ಕಾಣುತ್ತದೆ. ಅದು ನಾವು. ಇಷ್ಟು ಜನ ಸ್ವಾಗತದ ಪಕ್ಕದಲ್ಲಿ ಯಾಕೆ ನಡೆಯುತ್ತಿದ್ದಾರೆ ಎಂದು ತಮ್ಮಲ್ಲಿ ಒಬ್ಬರಾದರೂ ಕೇಳಿದರೇ? ಹುಲ್ಲು ಹಾಳಾಯಿತೆಂದು ಮಾತ್ರ ಗೊತ್ತಾಯಿತು. ತಮ್ಮ ಕೆಲಸಗಾರರು ಗೂಟ ನೆಟ್ಟು, ಕಿತ್ತಳೆ ಬಣ್ಣದ ಟೇಪು ಕಟ್ಟಿ, ಬೀಜ ಬಿತ್ತಿ ಹೋದರು. ನಮ್ಮವರು ಟೇಪನ್ನೂ ಗೌರವಿಸಿ ಇನ್ನೂ ಕೆಳಕ್ಕೆ, ಚರಂಡಿಯ ಕಡೆಯ ಇಳಿಜಾರಿಗೆ ಸರಿದರು.

ಇಲ್ಲಿ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಗ್ಗೆ, ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿದ್ದಾಗ, ಭಾಗೀರಥಿ ಫೋನ್ ಮಾಡಿದರು. “ಲಕ್ಷ್ಮೀಶ ಅವ್ರೇ, ಬೇಗ ಬನ್ನಿ. ವತ್ಸಲಾ ಜಾರಿ ಬಿದ್ಬಿಟ್ಟಿದಾರೆ. ಏಳಕ್ಕೇ ಆಗ್ತಿಲ್ಲ.”

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಆಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿತು. ಇಪ್ಪತ್ತಾರು ದಿನ ಇದ್ದಳು. ಮೂರನೆಯ ದಿನ, ಇನ್ನೂ ಮಾತು ನೆಟ್ಟಗಿದ್ದಾಗ, “ಆ ಮೇಲ್ ಹಾಕಿದ್ರಾ?” ಎಂದು ಕೇಳಿದಳು. “ಹ್ಞೂಂ, ಹಾಕಿದೀನಿ” ಎಂದೆ. “ಏನಂದ್ರು?” ಎಂದಳು. “ನೋಡ್ತೀವಿ ಅಂದಿದಾರೆ” ಎಂದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ಸಣ್ಣಪುಟ್ಟ ಸುಳ್ಳು ಬೇಕಾದಷ್ಟು ಹೇಳಿದ್ದೇನೆ. ಇದೊಂದರ ಲೆಕ್ಕ ಮಾತ್ರ ಇನ್ನೂ ಚುಕ್ತಾ ಆಗಿಲ್ಲ.

ತಮ್ಮ ತನಿಖಾ ವರದಿ ಒಂದೇ ಸಾಲಿನಲ್ಲಿ ಕೈ ತೊಳೆದುಕೊಂಡಿದೆ. ಮೃತರು ಗೊತ್ತುಪಡಿಸಿದ ದಾರಿ ಬಿಟ್ಟು ನಡೆದಿದ್ದರು. ಸರಿಯಾಗಿಯೇ ಇದೆ. ಆ ದಾರಿಯ ಮೇಲೆ ಇದ್ದದ್ದು ಅವಳದೇ ಕೈಬರಹ ಎಂಬುದು ವರದಿಗೆ ಬೇಕಾಗಿರಲಿಲ್ಲ.

ಈಗ ತಮಗೆ ಅವಳನ್ನು ಗೌರವಿಸುವ ಮನಸ್ಸಾಗಿದೆ. ‘ಸ್ವಾಗತ’ದ ಪಕ್ಕದಲ್ಲೇ, ಅದೇ ದಾರಿಯಲ್ಲಿ, ನೆಲಮಟ್ಟಕ್ಕೆ ಅವಳ ಹೆಸರಿನ ಕಲ್ಲು. ತಮ್ಮ ಕರಡು ಚಿತ್ರವನ್ನು ನನ್ನ ಒಂಬತ್ತು ವರ್ಷದ ಮೊಮ್ಮಗಳು ಮಹತಿ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಮಾತ್ರ ಇಂಗ್ಲಿಷ್. “ತಾತ, ಸೋ ಪೀಪಲ್ ವಿಲ್ ವಾಕ್ ಆನ್ ಅಜ್ಜಿ?” ಎಂದಳು. ಅವಳಿಗೆ ಉತ್ತರ ತಾವು ಕೊಡುವಿರಾ?

ನನಗೆ ಪರಿಹಾರ ಬೇಡ, ಕ್ಷಮಾಪಣೆ ಬೇಡ, ಬಲೂನಂತೂ ಬೇಡವೇ ಬೇಡ. ಆ ಕಲ್ಲಿನ ಕೆಲಸವನ್ನು ಕೈಬಿಡಿ. ನೆಲದ ಅಕ್ಷರಗಳನ್ನು ಅಳಿಸಿ, ಹನ್ನೆರಡೂ ಭಾಷೆಗಳನ್ನು ಆ ಬೋಳು ಗೋಡೆಯ ಮೇಲೆ, ಮನುಷ್ಯರ ಕಣ್ಣಿನ ಎತ್ತರಕ್ಕೆ ಬರೆಸಿ. ಹದಿನೇಳನೆಯ ಹಾಳೆ ನನ್ನ ಬೀರುವಿನಲ್ಲಿದೆ, ಕೊಡುತ್ತೇನೆ. ಭಾಗೀರಥಿ ಈಗ ಮನೆಯಿಂದ ಹೊರಗೇ ಬರುತ್ತಿಲ್ಲ. ಅವರು ಕಾಲೊದ್ದೆ ಮಾಡಿಕೊಳ್ಳದೆ, ತಲೆ ತಗ್ಗಿಸದೆ ಆ ಬೆಂಚಿನವರೆಗೆ ನಡೆದುಹೋಗುವಂತಾಗಲಿ. ಸ್ವಾಗತ ಎಂದರೆ ನಮಗೆ ಅಷ್ಟೇ.

ಶುಕ್ರವಾರದ ಕಾಗದ ನನ್ನೆದುರಿಗಿದೆ. ಈ ಸಲ ಎರಡನೇ ಪುಟವನ್ನೂ ಓದಿದ್ದೇನೆ. ಸಹಿ ಹಾಕುವುದಿಲ್ಲ. ಮೇಲ್ ಹಾಕಿದ್ದೇನೆಂದು ವತ್ಸಲಾಳಿಗೆ ಹೇಳಿದೆನಲ್ಲ, ಆ ಮೇಲ್ ಇದೇ.

ಇಂತಿ,
ತಡವಾಗಿ ತಕರಾರು ಕಲಿತ,
ಲಕ್ಷ್ಮೀಶ
ಸಿಡ್ನಿಯ ವಾಯವ್ಯ ಮೂಲೆ