ಪ್ಲೈವುಡ್ಡಿನಾಚೆ ವೈನಿ

೩ ಜೂನ್, ಬೆಳಿಗ್ಗೆ. ಇಚಲಕರಂಜಿ

ಇವತ್ತೂ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಹೋಗಲಿಲ್ಲ. ತಾಟು ಬೇರೆ, ಚರಿಗೆ ಬೇರೆ, ಟವೆಲ್ ಬೇರೆ. ಮೊನ್ನೆ ಕೊಲ್ಹಾಪುರದ ದವಾಖಾನೆಯಲ್ಲಿ ಥೈರಾಯ್ಡ್ ರೋಗಕ್ಕೆ ವಿಕಿರಣ ಸೂಸುವ ಅಣುವಿನ ಗುಳಿಗೆ ನುಂಗಿಸಿದರು. ಡಾಕ್ಟರ್ ಮರಾಠಿಯಲ್ಲಿ ಬಡಬಡ ಹೇಳಿದರು — ಬಸುರಿಯರಿಂದ ದೂರ ಇರು, ಮಕ್ಕಳಿಂದ ದೂರ ಇರು. ತಿಳಿಯಿತಾ ಅಂದರು. ತಲೆಯಾಡಿಸಿದೆ. ಮರಾಠಿ ಬರುತ್ತದೆ. ಎಷ್ಟು ದೂರ ಅಂತ ಕೇಳಲು ಬಾಯಿ ಬರಲಿಲ್ಲ... ಹಿಂದೆ ಜನ ಇದ್ದರು.

ಅಣ್ಣನ ಹೆಂಡತಿ ರುತುಜಾ ವೈನಿಗೆ ಈಗ ಆರು ತಿಂಗಳು.

ಅವ್ವ ಅಂದಳು, "ಸೂತಕ ಹಿಡದಂಗ ಹಿಡಿಯೂಣು. ಮುಟ್ಟಬ್ಯಾಡ, ಮುಟ್ಟಿಸ್ಕೋಬ್ಯಾಡ. ಮುಗೀತು."

ಸೂತಕ ನಮಗೆ ಗೊತ್ತಿದ್ದದ್ದೇ.

೬ ಜೂನ್

ವೈನಿ ಪ್ಲೈವುಡ್ ಪಾರ್ಟಿಶನ್ನಿನ ಆಚೆ, ನಾನು ಈಚೆ. ಇಬ್ಬರೂ ಅದಕ್ಕೇ ದಿಂಬು ಹಚ್ಚಿ ಮಲಗುತ್ತೇವೆ. ಅವಳು ಉಗುರಿನಿಂದ ಕೆರೆಯುತ್ತಾಳೆ.

"ಪ್ರಣಾಲಿ, ನಿದ್ದಿ ಬಂತೇನ?"

"ಇಲ್ರಿ ವೈನಿ."

"ನಿಮ್ಮಣ್ಣಾರ ಗೊರಕಿ ಕೇಳ. ನಾಕ ಮಗ್ಗ ಒಮ್ಮೆಲೆ ನಡದಂಗ. ಕೂಸೂ ಎದ್ದು ಒದಿಯಾಕತ್ತೈತಿ."

ಬಾಯಿ ಮುಚ್ಚಿಕೊಂಡು ನಕ್ಕೆವು.

"ಇನ್ನಷ್ಟ ಸರಕೊಂಡ ಬಾರವಾ. ನೀ ಅನ್ನೂದ ನನಗ ಕೇಳಸೂದಿಲ್ಲ."

ಸರಿದೆ. ಮುಟ್ಟಲಿಲ್ಲವಲ್ಲ.

೨೦ ಜುಲೈ, ಮಧ್ಯಾಹ್ನ. ಕೊಲ್ಹಾಪುರ, ಬಸ್ ಸ್ಟ್ಯಾಂಡ್

ತಪಾಸಣೆ ಆಯಿತು. ಮಷೀನ್ ನೋಡಿಕೊಳ್ಳುವ ಪಾರೀಸ ಅವರು ಜಯಸಿಂಗಪುರದವರು, ಕನ್ನಡ ಮಾತಾಡಿದರು. ಅದಕ್ಕೇ ಧೈರ್ಯ ಬಂತು. ದೊಡ್ಡಸ್ತಿಕೆಯಿಂದ ಹೇಳಿದೆ — ಯಾರನ್ನೂ ಮುಟ್ಟಿಲ್ಲ, ಬಸುರಿ ವೈನಿ ಜೊತೆ ಪಾರ್ಟಿಶನ್ ಆಚೆಯಿಂದಲೇ ಮಾತು ಅಂತ.

"ಪಾರ್ಟಿಶನ್ ಯಾತರದ್ದು?"

"ಪ್ಲೈವುಡ್ರಿ."

"ಅದಕ್ಕ ಹಚ್ಚಿ ಮಲಗಿದ್ರೇನ?"

"ಹೌದ್ರಿ."

ಕೈಯಲ್ಲಿದ್ದ ರಿಪೋರ್ಟು ಕೆಳಗಿಟ್ಟರು.

"ತಂಗಿ, ಆ ಗುಳಿಗ್ಯಾಗ ಎರಡ ಥರದ ಕಿರಣ ಇರ್ತಾವು. ಬೀಟಾ ನಿನ್ನ ಗಂಟಲದಾಗಽ ಮುಗೀತೈತಿ. ಜ್ವಾಳದ ಕಾಳಿನಷ್ಟೂ ದೂರ ಹೋಗೂದಿಲ್ಲ. ಅಲ್ಲೇ ಬಡದು, ಸುಟ್ಟು, ದಣದು ನಿಲ್ತೈತಿ. ನಿನ್ನ ರೋಗ ತಗದದ್ದು ಅದಽ. ಗಾಮಾ ಹಂಗಲ್ಲ. ಮೈ ತೂರಿ ಹೊರಗ ಬರ್ತೈತಿ. ಪ್ಲೈವುಡ್ ಅದಕ್ಕ ಸೀರಿ ಸೆರಗ ಇದ್ದಂಗ. ತಡೀಲಿಕ್ಕೆ ಸೀಸದ ತಗಡ ಬೇಕು, ದಪ್ಪ ಗ್ವಾಡಿ ಬೇಕು. ಇಲ್ಲಂದ್ರ ದೂರ ಇರಬೇಕು."

"ತಡದ್ರ ನಿಲ್ಲೂವಂಥಾ ಕಿರಣ ಯಾವುದೂ ಇಲ್ಲೇನ್ರಿ?"

"ಐತಿ. ಆಲ್ಫಾ ಅಂತ. ಕಾಗದಕ್ಕೂ ನಿಲ್ತೈತಿ. ನಿನ್ನ ಗುಳಿಗ್ಯಾಗ ಅದಿಲ್ಲ."

ಡಾಕ್ಟರನ್ನು ಕರೆದರು. ಕೂಸಿಗೆ ಬಹುಶಃ ಏನೂ ಆಗಿರುವುದಿಲ್ಲ ಅಂದರು ಡಾಕ್ಟರ್. ಆದರೆ ಹೆರಿಗೆ ಮಾಡಿಸುವ ಡಾಕ್ಟರಿಗೆ ಗೊತ್ತಿರಲೇಬೇಕು. ಇವತ್ತೇ ವೈನಿಗೆ ಹೇಳು. ಈಗ ನಿನ್ನಿಂದ ಯಾರಿಗೂ ಭಯವಿಲ್ಲ ಅಂದರು.

ಬಹುಶಃ...

೨೧ ಜುಲೈ

ಹೇಳಲಿಲ್ಲ. ಹೊಸ್ತಿಲಲ್ಲಿ ಅವ್ವ ಪಕ್ಕದ ಮನೆಯವಳ ಮುಂದೆ, "ನಮ್ಮ ಹುಡುಗಿ ಎಷ್ಟ ಕಟ್ಟುನಿಟ್ಟಾಗಿ ಹಿಡದಳು ನೋಡ್ರಿ. ನಾದಿನಿ ಅಂದ್ರ ಹಿಂಗಿರಬೇಕು" ಅನ್ನುತ್ತಿದ್ದಳು. ಒಳಗೆ ಹೋಗಿ ಪಾತ್ರೆ ತಿಕ್ಕಿದೆ. ತಿಕ್ಕಿದ್ದನ್ನೇ ತಿಕ್ಕಿದೆ.

೨೪ ಜುಲೈ

ವೈನಿಯನ್ನು ಹೆರಿಗೆಗೆ ತವರಿಗೆ, ಗಡಹಿಂಗ್ಲಜಕ್ಕೆ ಕರೆದೊಯ್ದರು. ಜೀಪಿನ ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಅಷ್ಟೇ ಮಾಡಿದೆ.

೯ ಆಗಸ್ಟ್. ಗಡಹಿಂಗ್ಲಜ

ಒಬ್ಬಳೇ ಬಸ್ಸು ಹತ್ತಿ ಬಂದೆ. ನಿದ್ದೆ ಬರುತ್ತಿಲ್ಲ ಈಚೆಗೆ. ದಾರಿಯಲ್ಲಿ ಕಾಗಲ ಊರು ಬರುವ ತನಕ ಮಾತು ಜೋಡಿಸಿದೆ, ಆಮೇಲೆ ಎಲ್ಲ ಕಲಸಿಹೋಯಿತು.

ವೈನಿ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. "ಈಗರೆ ಮುಟ್ಟ. ಭಾಳ ಮಡಿವಂತಿ ಆಗಿದ್ದಿ!"

ಕೂಸು ಒದೆಯಿತು. ತಡೆಯಲಾಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟೆ — ಗಾಮಾ, ಪಾರ್ಟಿಶನ್, ದಿಂಬು, ಡಾಕ್ಟರ್ ಅಂದದ್ದು.

ವೈನಿ ಬಯ್ಯಲಿಲ್ಲ. "ಸರಕೊಂಡ ಬಾ ಅಂದಾಕಿ ನಾನಽ" ಅಂದಳು. ಕಣ್ಣೊರೆಸಿದಳು, ನನ್ನವು. ನಾಳೆಯೇ ಡಾಕ್ಟರ ಕಡೆ ಹೋಗೋಣ ಅಂದಳು. ನನ್ನ ಕೈ ಇನ್ನೂ ಅಲ್ಲೇ ಇತ್ತು.

ಆಮೇಲೆ, ಮೆಲ್ಲಗೆ:

"ನಿನಗ ಇದು ಗೊತ್ತಾದದ್ದು ಯಾವಾಗ?"

ಇಪ್ಪತ್ತು ದಿನ. ನಾನು —